ಹೊಸಲು ದಾಟದ ಗೃಹಪ್ರವೇಶ

ಸ್ವಂತ ಮನೆಯಿಲ್ಲದ ಬಡವರಿಗೆ ಒಂದು ಮನೆ ಕಟ್ಟಿಕೊಡುವ ಬಿಲ್ಡರಿಗೆ ಅದೇ ಕಟ್ಟಡದಲ್ಲಿ ಎರಡು ಅಂತಸ್ತು ಹೆಚ್ಚಿಗೆ ಏರಿಸಲು ಅನುಮತಿ ನೀಡತಕ್ಕದ್ದು ಎಂಬ ನಿಯಮ ತೊಂಬತ್ತಾರರಲ್ಲಿ ದೊಡ್ಡಬಳ್ಳಾಪುರಕ್ಕೂ ಬಂದು ತಲುಪಿತು. ನಿಯಮ ಬಂದ ಮೇಲೆ ಬಡವರು ಬೇಕಲ್ಲ, ದೇವರಾಜ್ ಎಂಬ ಬಿಲ್ಡರು ಹುಡುಕಿಕೊಂಡು ಹೊರಟ. ಪವರ್‌ಲೂಮ್ ಷೆಡ್ಡಿನ ಹಿಂದೆ ಬಾಡಿಗೆಗಿದ್ದ ರುಕ್ಮಿಣಮ್ಮ ಸಿಕ್ಕಳು.

ರುಕ್ಮಿಣಮ್ಮನಿಗೆ ಇದ್ದದ್ದು ಒಂದೇ ಆಸೆ. ಷೆಡ್ಡಿನಿಂದ ಹಾರಿಬರುವ ನೂಲಿನ ಎಳೆ ಸಾರಿಗೆ ಬೀಳದಂಥ ಒಂದು ಅಡುಗೆಮನೆ. ಮದುವೆಯಾಗಿ ಬಂದಾಗಿನಿಂದ ತಟ್ಟೆಯಲ್ಲಿ ನೂಲು ಆರಿಸಿ ಆರಿಸಿ ಅವಳಿಗೆ ಸಾಕುಸಾಕಾಗಿತ್ತು, ಪಾಪ.

ಕಟ್ಟಡ ಎದ್ದಿತು. ಅದರ ಮೆಟ್ಟಿಲ ಕೆಳಗೆ ಬಡವರ ಮನೆಯೂ ಎದ್ದಿತು. ಅಡುಗೆಗೆ ಕಡಪಾ ಕಲ್ಲಿನ ಕಟ್ಟೆ, ಕಿಟಕಿಗೆ ಜಾಲರಿ, ಇನ್ನೇನು ಬೇಕು? ಗೃಹಪ್ರವೇಶದ ದಿನ ರುಕ್ಮಿಣಮ್ಮ ಬಲಗಾಲು ಎತ್ತಿದ್ದಳು ಅಷ್ಟೇ, ಯೋಜನಾ ಕಚೇರಿಯ ಚಿನ್ನಸ್ವಾಮಿ ಸಾಹೇಬರು ಕೈ ಅಡ್ಡ ಹಿಡಿದರು.

“ಕಾಲು ಇಳಿಸೀಮ್ಮ. ಇದು ಮನೆಯಿಲ್ಲದೋರಿಗೆ ಕೊಟ್ಟಿರೋ ಮನೆ. ಒಳಗೆ ಕಾಲಿಟ್ರೆ ನಿಮಗೆ ಮನೆ ಇದ್ದಂಗಾಯ್ತು. ಆಮೇಲೆ ನೀವು ಅನರ್ಹರು.”

ಹಾಗಾದರೆ ಇದರಲ್ಲಿ ಇರೋರು ಯಾರು ಸ್ವಾಮಿ ಎಂದು ಅವಳ ಗಂಡ ರಾಮಲಿಂಗಯ್ಯ ಕೇಳಿದ. ಯಾರೂ ಇರಕೂಡದು, ಇದ್ದರೆ ನಿಯಮದ ಉದ್ದೇಶವೇ ಹಾಳು ಎಂದು ಸಾಹೇಬರು ಬಿಡಿಸಿ ಹೇಳಿದರು. ಅನರ್ಹರಾದರೆ ಮನೆ ವಾಪಸು, ಮನೆ ವಾಪಸಾದರೆ ಮೇಲಿನ ಎರಡು ಅಂತಸ್ತಿಗೂ ಸಂಚಕಾರ. ಇದನ್ನು ಕೇಳಿ ದೇವರಾಜನ ಕಣ್ಣಲ್ಲಿ ನೀರೇ ಬಂತು. ಬಡವರ ಮೇಲೆ ಅಷ್ಟು ಮಮತೆ ಆ ಪುಣ್ಯಾತ್ಮನಿಗೆ.

ಹಾಗೆಂದು ಹಾಲು ಉಕ್ಕಿಸದೆ ಬಿಡಲಾದೀತೆ? ಬಾಗಿಲಾಚೆ ಬೀದಿಯಲ್ಲೇ ಮೂರು ಕಲ್ಲು ಹೂಡಿ ಉಕ್ಕಿಸಿದರು. ಸಾಹೇಬರು ಒಬ್ಬಟ್ಟು ತಿಂದು ಕೈ ತೊಳೆದು, ‘ಫಲಾನುಭವಿಯು ಸದರಿ ಮನೆಯ ಹೊರಗೆ ಸುಖವಾಗಿ ವಾಸವಾಗಿರುತ್ತಾರೆ’ ಎಂದು ಷರಾ ಬರೆದರು. ಒಂದು ಬೀಗದ ಕೈ ರುಕ್ಮಿಣಮ್ಮನಿಗೆ, ಇನ್ನೊಂದು ದೇವರಾಜನಿಗೆ. ಖಾಲಿ ಮನೆ ಒಳ್ಳೆಯದಲ್ಲವೆಂದು ಅವನು ಸಿಮೆಂಟ್ ಮೂಟೆ ಪೇರಿಸಿದ. ಸಿಮೆಂಟು ಎಷ್ಟು ದಿನ ಒಳಗಿದ್ದರೂ ನಿವಾಸಿ ಎನಿಸುವುದಿಲ್ಲವಾದ್ದರಿಂದ ಸಾಹೇಬರ ಆಕ್ಷೇಪಣೆ ಇರಲಿಲ್ಲ.

ಈಗ ಕೇರಿಯಲ್ಲಿ ರುಕ್ಮಿಣಮ್ಮನ ಮರ್ಯಾದೆಯೇ ಬೇರೆ, ಸ್ವಂತ ಮನೆಯಾಕೆ. ಪಕ್ಕದ ವರಲಕ್ಷ್ಮಮ್ಮ ತನಗೂ ಒಂದು ಬೀಗದ ಕೈ ಕೊಡಿಸು ಅಂತ ದುಂಬಾಲು ಬಿದ್ದಿದ್ದಾಳೆ. ಶುಕ್ರವಾರ ಬಂತೆಂದರೆ ರುಕ್ಮಿಣಮ್ಮ ಬೀಗದ ಕೈಗೆ ಕುಂಕುಮವಿಟ್ಟು, ಪಾಯಸ ನೈವೇದ್ಯ ಮಾಡಿ, ಅದಕ್ಕೆ ಬಿದ್ದ ನೂಲು ಆರಿಸಿ ಗಂಡನಿಗೆ ಬಡಿಸುತ್ತಾಳೆ.

“ನಮ್ಮನೇಲಿ ಮಾಡಿದ್ರೆ ಹಿಂಗೆ ಬೀಳ್ತಿರಲಿಲ್ಲ ಕಣ್ರೀ,” ಅನ್ನುತ್ತಾಳೆ.

ರಾಮಲಿಂಗಯ್ಯ ಹೂಂ ಅಂದು ಉಣ್ಣುತ್ತಾನೆ.