ಕದ್ದರೆ ಮಾತ್ರ ಹಿಡಿಯುವ ಬಳ್ಳಿ

ಬಳ್ಳಿ ಅಂದರೆ ಒಂದು ಮೂಲೆಯಲ್ಲಿ ಹೂ ಬಿಟ್ಟುಕೊಂಡು ಸುಮ್ಮನಿರುವ ವಸ್ತು ಎಂದು ನಂಬಿದವರು ರಂಗೂನ್ ಮಲ್ಲಿಗೆ ಸಾಕಿದವರಲ್ಲ. ಅಜ್ಜಾವರದ ನಮ್ಮ ಅಂಗಳದಲ್ಲಿ ಅದು ಇದ್ದಷ್ಟು ಕಾಲ ಏನಾದರೊಂದು ನಡೆಯುತ್ತಲೇ ಇತ್ತು. ಈಗ ಅತ್ತೆ ಇಲ್ಲ. ಸಂಜೆ ಬಿಳಿಯಾಗಿ ಅರಳಿ ಮರುದಿನ ಕೆಂಪಗಾಗುವ ಆ ಗೊಂಚಲು ಎಲ್ಲಿ ಕಂಡರೂ ಅವರ ನೆನಪಾಗುತ್ತದೆ. ಮೊದಲು ಅಳು, ಹಿಂದೆಯೇ ನಗು.

ಮದುವೆಯ ಉಡುಗೊರೆ

ಬಳ್ಳಿ ಬಂದದ್ದು ಪುತ್ತೂರಿನ ಒಂದು ಮದುವೆ ಹಾಲ್‌ನ ಗೇಟಿನಿಂದ. ಹೂಗಿಡದ ಗೆಲ್ಲನ್ನು ಕೇಳಿ ತಂದರೆ ಬದುಕುವುದಿಲ್ಲ, ಕದ್ದರೇ ಚಿಗುರುವುದು ಎಂಬುದು ಅತ್ತೆಯ ಅಚಲ ನಂಬಿಕೆ. ಮಾವ ಗೇಟಿನ ಹತ್ತಿರ ಕಾವಲು ನಿಂತರಂತೆ, ಅತ್ತೆ ಗೆಲ್ಲು ಮುರಿದು ತೆಂಗಿನಕಾಯಿ ಕೊಟ್ಟ ಚೀಲದೊಳಗೆ ತುರುಕಿದರಂತೆ. ಮಾವನೇ ಬಿದಿರಿನ ಚಪ್ಪರವನ್ನೂ ಕಟ್ಟಿಕೊಟ್ಟರು.

"ಮದುವೆಗೆ ಎಂತ ಉಡುಗೊರೆ ಕೊಟ್ಟಿರಿ?" ಎಂದು ನಾನು ಒಮ್ಮೆ ಕೇಳಿದ್ದೆ.

ಅತ್ತೆ ಯೋಚಿಸಿ ಹೇಳಿದರು, "ಅದು ನೆನಪಿಲ್ಲ. ತಂದದ್ದು ಮಾತ್ರ ನೆನಪುಂಟು."

ಡಿಶ್

ಮಾವ ತೀರಿಕೊಂಡ ಮೇಲೆ ಬಳ್ಳಿಗೆ ಹೇಳುವವರು ಕೇಳುವವರು ಇಲ್ಲವಾಯಿತು. ಚಪ್ಪರ ದಾಟಿ ಹಂಚಿನ ಮಾಡಿಗೆ ಹತ್ತಿತು, ಹಂಚಿನ ಸಂದಿಯಿಂದ ಅಡುಗೆಮನೆಗೆ ಇಣುಕಿತು, ಕೊನೆಗೆ ಟಿವಿಯ ಡಿಶ್ಶನ್ನೂ ತಬ್ಬಿಕೊಂಡಿತು. ಕ್ರಿಕೆಟ್ ನಡುವೆ ಚಿತ್ರ ಮಾಯವಾದಾಗ ನಮ್ಮ ಯಜಮಾನರು ಕತ್ತಿ ಹಿಡಿದು ಏಣಿ ಹತ್ತಿದರು.

"ಇಳಿ ಕೆಳಗೆ! ಟಿವಿ ಇಲ್ಲದಿದ್ರೆ ಯಾರೂ ಸಾಯುದಿಲ್ಲ," ಎಂದು ಅತ್ತೆ ಗದರಿದರು. ಯಜಮಾನರು ಇಳಿದರು.

ಅದೇ ವಾರ ಟಿವಿಯಲ್ಲಿ ಯಕ್ಷಗಾನ ಇತ್ತು. ಅತ್ತೆಯೇ ಏಣಿ ಹಿಡಿದು ನಿಂತರು. "ಜಾಸ್ತಿ ಕಡಿಬೇಡ ಮಗ. ಯಕ್ಷಗಾನ ಕಾಣುವಷ್ಟು ಸಾಕು. ಕ್ರಿಕೆಟ್ ಕಾಣುವಷ್ಟು ಬೇಡ."

ಲೈನ್‌ಮ್ಯಾನ್

ಬಳ್ಳಿ ಗೇಟಿನ ಪಕ್ಕದ ಕರೆಂಟ್ ಕಂಬಕ್ಕೂ ಸುತ್ತಿತು. ಲೈನ್‌ಮ್ಯಾನ್ ಕಡಿಯಲು ಬಂದರೆ ಅತ್ತೆ ಬೆಲ್ಲ ನೀರು ಕೊಟ್ಟು ಕೂರಿಸುವರು. ಆಮೇಲೆ ನೀರುದೋಸೆ, ಅದರ ಮೇಲೆ ಅವರ ಮಕ್ಕಳ ವಿಚಾರ. ಕೈ ತೊಳೆದು ಎದ್ದ ಮನುಷ್ಯನಿಗೆ ಬಳ್ಳಿಯ ಮೇಲೆ ಕತ್ತಿ ಎತ್ತಲು ಮನಸ್ಸಾಗದು. ತುದಿ ಮುರಿದ ಶಾಸ್ತ್ರ ಮಾಡಿ ಹೊರಡುವರು.

ಒಂದು ದಿನ ಅವರು ಯಜಮಾನರಿಗೆ ಫೋನ್ ಮಾಡಿದರು. "ನೋಡಿ ಮಾರಾಯ್ರೆ, ಅಮ್ಮ ಮನೆಯಲ್ಲಿ ಇಲ್ಲದ ದಿನ ಹೇಳಿ. ನಾನು ತಿಂಡಿ ತಿಂದುಕೊಂಡೇ ಬರ್ತೇನೆ."

ಸುಬ್ರಹ್ಮಣ್ಯಕ್ಕೆ ಹೋದ ದಿನ

ಅತ್ತೆ ತಮ್ಮ ಮಗಳ ಜೊತೆ ಸುಬ್ರಹ್ಮಣ್ಯಕ್ಕೆ ಹೋದ ದಿನ ಆ ಕೆಲಸ ಆಯಿತು. ಲೈನ್‌ಮ್ಯಾನ್ ಕಂಬ ಬಿಡಿಸಿದರು. ಹುರುಪು ಬಂದ ಯಜಮಾನರು ಬುಡವನ್ನೇ ಅಗೆದು ಕಿತ್ತು, ಬೇರು ಸಮೇತ ಸುಟ್ಟರು. ನಾನು ಬೇಡ ಬೇಡ ಎಂದದ್ದು ಗಾಳಿಗೆ ಹೋಯಿತು.

ಅತ್ತೆ ಬಂದವರು ಬೈಯಲಿಲ್ಲ. ಪ್ರಸಾದ ಕೊಟ್ಟು ಬರಿದಾದ ಚಪ್ಪರ ನೋಡುತ್ತ ಜಗಲಿಯಲ್ಲಿ ಕೂತರು. "ಅಪ್ಪ ಕಟ್ಟಿದ ಚಪ್ಪರ ಆದ್ರೂ ಬಿಟ್ಟಿದ್ದೀ," ಎಂದಷ್ಟೇ ಹೇಳಿದರು. ಊಟ ಬೇಡವೆಂದರು. ಯಜಮಾನರು ಮಾತ್ರ ಎರಡು ಸಲ ಬಡಿಸಿಕೊಂಡರು. ಬೇಜಾರಾದರೆ ಅವರಿಗೆ ಹಸಿವು ಜಾಸ್ತಿ.

ಕಳ್ಳತನಕ್ಕೆ ಮುಹೂರ್ತ

ಎದುರಿನ ಬ್ಯಾರಿ ಮನೆಯ ಹಿರಿಯಾಕೆಯನ್ನು ನಾವೆಲ್ಲ ಉಮ್ಮ ಎನ್ನುವುದು. ಸುದ್ದಿ ತಿಳಿದ ಅವರು ಒಂದು ಗೆಲ್ಲು ಹಿಡಿದು ಬಂದರು.

"ತಕೊಳ್ಳಿ ಅಮ್ಮ. ಇದು ನಿಮ್ಮದೇ ಬಳ್ಳಿ. ನಿಮ್ಮ ಬೇಲಿಯಿಂದ ನಾನು ಕದ್ದು ನೆಟ್ಟದ್ದು."

"ಅದು ನನಗೆ ಆವತ್ತೇ ಗೊತ್ತುಂಟು," ಎಂದರು ಅತ್ತೆ. "ಆದ್ರೆ ನೀವು ಕೊಟ್ಟದ್ದು ಹಿಡಿಯುದಿಲ್ಲ."

ಉಮ್ಮ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಬಂದು ಕದೀರಿ. ನಾಳೆ ಸಂಜೆ ನಮಾಜಿನ ನಂತರ ಬನ್ನಿ. ನಾನು ಹೊರಗೆ ಬರುದಿಲ್ಲ."

ಮರುದಿನ ಸಂಜೆ ಅತ್ತೆ ಒಳ್ಳೆಯ ಸೀರೆ ಉಟ್ಟು ಕಳ್ಳತನಕ್ಕೆ ಹೊರಟರು. ಮಂಡಿನೋವಿಗೆ ಆಸರೆಯಾಗಿ ನಾನು. ಉಮ್ಮನ ಗೇಟಿನ ಹತ್ತಿರ ಕಾವಲಿಗೆ, ಹಿಂದೆ ಮಾವ ನಿಂತ ಹಾಗೆಯೇ, ತಲೆ ತಗ್ಗಿಸಿಕೊಂಡು ನಮ್ಮ ಯಜಮಾನರು. ಅತ್ತೆ ಆಚೆ ಈಚೆ ನೋಡಿ ಒಂದು ಗೆಲ್ಲಿಗೆ ಕೈ ಹಾಕಿದರು.

ಕಿಟಕಿಯೊಳಗಿಂದ ಉಮ್ಮನ ಸ್ವರ ಬಂತು, "ಅದು ಎಳತು ಅಮ್ಮ! ಪಕ್ಕದ್ದು ಒಳ್ಳೆ ಬಲಿತದ್ದುಂಟು, ಅದನ್ನು ಕದೀರಿ!"

"ನೀವು ನೋಡ್ಬಾರ್ದು ಮಾರಾಯ್ರೆ, ನೋಡಿದ್ರೆ ಹಿಡಿಯುದಿಲ್ಲ!" ಎಂದು ಅತ್ತೆ ಕೂಗಿದರು.

"ನಾನೆಲ್ಲಿ ನೋಡಿದೆ? ಚಾ ಸೋಸ್ತಾ ಇದ್ದೇನೆ. ಕದ್ದು ಆದ ಮೇಲೆ ಒಳಗೆ ಬನ್ನಿ, ಆ ಕಾವಲಿನವನನ್ನೂ ಕರ್ಕೊಂಡು ಬನ್ನಿ!"