ನನ್ನ ಬಾಯಲ್ಲಿದ್ದ ಹುಳುಗಳ ಸಂಸಾರ

ಹಲ್ಲು ನೋವು ಬಂದವನಿಗೆ ಬೇಕಾದದ್ದು ಔಷಧ, ಸಿಕ್ಕುವುದು ಹೆಂಡತಿಯ ಭಾಷಣ. ಅದೂ ಎಂಥ ಹೊತ್ತಿನಲ್ಲಿ ಅಂತೀರಿ. ಆ ಭಾನುವಾರ ನಮ್ಮ ಮಗಳು ಬಸವರಾಜೇಶ್ವರಿಯ ಮಾತುಕತೆಗೆ ವಿಜಯನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಬ್ಯಾಂಕಿನಲ್ಲಿದ್ದಾನೆ. ಅವನು ಒಪ್ಪಿದ್ದಾಯಿತು, ಇವಳು ಒಪ್ಪಿ ಕನ್ನಡಿ ಬಿಟ್ಟು ಏಳದೆ ಇದ್ದದ್ದೂ ಆಯಿತು. ಹಿರಿಯರು ಕೂತು ನಾಲ್ಕು ಮಾತಾಡಿ ವೀಳ್ಯ ಬದಲಾಯಿಸುವುದೊಂದೇ ಬಾಕಿ. ಆ ನಾಲ್ಕು ಮಾತಾಡಬೇಕಾದ ನನ್ನ ಬಾಯಿ ಶುಕ್ರವಾರದ ಹೊತ್ತಿಗೆ ಎಡಗಡೆ ಸೋರೆಬುರುಡೆಯಾಗಿತ್ತು.

“ರೀ, ಬಸವೇಶ್ವರನಗರಕ್ಕೆ ಹೊಸದಾಗಿ ಒಬ್ರು ಹಲ್ಲಿನ ಡಾಕ್ಟ್ರು ಬಂದಿದಾರಂತೆ. ಕಮಲಾಕ್ಷಮ್ಮ ಹೇಳಿದ್ರು. ಒಂದ್ಸಲ ತೋರಿಸ್ಕೊಂಡು ಬನ್ನಿ,” ಎಂದಳು ನನ್ನ ಹೆಂಡತಿ ಜಗದಾಂಬಾ. (ಕಮಲಾಕ್ಷಮ್ಮ ನಮ್ಮ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗೆ ಇರುವವರು. ಅವರ ಸಲಹೆಗಳು ಕೇಳುವ ಮೊದಲೇ ಗೋಡೆ ಹಾರಿ ಬರುತ್ತವೆ.)

“ಅವರಿಗೆ ಗೊತ್ತಿರೋದು ಒಂದೇ ವಿದ್ಯೆ ಕಣೇ, ಕೀಳೋದು. ನನ್ನ ಹಲ್ಲಿನ ಸಮಾಚಾರ ನನಗೆ ಗೊತ್ತಿಲ್ವಾ?”

“ಗೊತ್ತಿದ್ದಿದ್ರೆ ಅದು ಯಾಕೆ ಹಿಂಗೆ ಊದ್ತಿತ್ತು?”

ನಾನು ಸ್ಕೂಲಿನ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೆ ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನು ನನ್ನ ಕೈಯಲ್ಲಿ ಸಾಕಿದ ಎತ್ತಿನ ಹಾಗೆ ಪಳಗಿದೆ. ಓದಿ ಬಂದ ಇಂಜಿನಿಯರುಗಳು “ಶಿವಬಸಪ್ಪನೋರೇ, ಇದೇನು ಸದ್ದು ನೋಡಿ” ಎಂದು ನನ್ನನ್ನು ಕರೆಯುತ್ತಾರೆ. ಇಂಥವನು ಒಂದು ಅಂಗುಲದ ಹಲ್ಲಿಗೆ ಹೆದರಿ, ಇನ್ನೊಬ್ಬನ ಮುಂದೆ ಬಾಯಿ ಕಳೆದು ಕೂರುವುದೇ?

ಮೊದಲು ಲವಂಗ ಕಚ್ಚಿದೆ. ಆಮೇಲೆ ಇಂಗು ತುರುಕಿದೆ. ಅದರ ಮೇಲೆ ಹೊಗೆಸೊಪ್ಪಿನ ಉಂಡೆ ಅಮುಕಿದೆ. ನೋವು ಒಬ್ಬೊಬ್ಬರಿಗೂ ಸ್ವಲ್ಪ ಹೊತ್ತು ಎದ್ದು ನಿಂತು ಮರ್ಯಾದೆ ಕೊಟ್ಟು, ಮತ್ತೆ ತನ್ನ ಜಾಗದಲ್ಲಿ ಕೂತಿತು. ಶನಿವಾರ ಬೆಳಿಗ್ಗೆ ಸಿಟ್ಟು ಬಂದು ಎಕ್ಕದ ಗಿಡದ ಹಾಲಿನಲ್ಲಿ ಹತ್ತಿ ಅದ್ದಿ ಹಲ್ಲಿನ ಬುಡಕ್ಕೇ ಇಟ್ಟೆ. ಶಿವನೇ, ಬೆಂಕಿಯ ಕೆಂಡವಾದರೂ ಅಷ್ಟು ಸುಡುತ್ತಿರಲಿಲ್ಲ. ವಸಡು ಬೆಂದು, ನಾಲಿಗೆ ದಪ್ಪವಾಗಿ, ಹೆಂಡತಿಯನ್ನು ಕೂಗಿದರೆ ಎಮ್ಮೆಗರು ಅರಚಿದಂತೆ ಕೇಳಿಸಿತು.

“ಇದೊಂದು ಬಾಕಿ ಇತ್ತು,” ಎಂದು ತಲೆ ಚಚ್ಚಿಕೊಂಡಳು ಜಗದಾಂಬಾ. “ನಾಳೆ ಬೀಗರ ಮುಂದೆ ಈ ಬಾಯಲ್ಲಿ ಏನ್ ಮಾತಾಡ್ತೀರಿ? ಹುಡುಗಿ ಅಪ್ಪನಿಗೆ ಲಕ್ವ ಹೊಡೆದಿದೆ ಅಂದ್ಕೊಂಡು ಎದ್ದು ಹೋಗ್ತಾರೆ, ಅಷ್ಟೇ.”

ಆ ಮಾತು ಕೇಳಿ ಮಗಳ ಮುಖ ನೋಡಿದೆ. ಅವಳು ಇಸ್ತ್ರಿ ಮಾಡಿದ್ದ ಸೀರೆಗೇ ಮತ್ತೆ ಇಸ್ತ್ರಿ ಹಾಕುತ್ತಿದ್ದಳು.

ಆಗ ನೆನಪಾಯಿತು, ನಮ್ಮ ಊರ ಕಡೆಯ ಹುಳು ತೆಗೆಯುವ ವಿದ್ಯೆ. ಹಲ್ಲು ನೋವೆಂದರೆ ಒಳಗೆ ಹುಳು ಸೇರಿದೆ ಎಂದೇ ಅರ್ಥ. ನೆಲಗುಳ್ಳದ ಬೀಜದ ಹೊಗೆ ಕೊಟ್ಟರೆ ಉದುರಿ ಬೀಳುತ್ತವೆ. ಸೈಕಲ್ ತುಳಿದುಕೊಂಡು ಜ್ಞಾನಭಾರತಿಯ ಬಯಲಿಗೆ ಹೋಗಿ, ಕೈಯೆಲ್ಲ ಮುಳ್ಳು ಚುಚ್ಚಿಸಿಕೊಂಡು, ಒಣಗಿದ ನೆಲಗುಳ್ಳದ ಕಾಯಿ ತಂದೆ. ಬೋಗುಣಿಯಲ್ಲಿ ನೀರು, ನಡುವೆ ಇಟ್ಟಿಗೆ, ಅದರ ಮೇಲೆ ಕೆಂಪಗೆ ಕಾಸಿದ ಕಬ್ಬಿಣದ ಬಿಲ್ಲೆ. ಬಿಲ್ಲೆಯ ಮೇಲೆ ತುಪ್ಪದಲ್ಲಿ ಕಲೆಸಿದ ಬೀಜ ಸುರಿದು, ತಳ ಕೊರೆದ ಗಡಿಗೆಯನ್ನು ಬೋರಲು ಹಾಕಿ, ತೂತಿಗೆ ಕೊಳವೆ ಸಿಕ್ಕಿಸಿ, ಕೊಳವೆಗೆ ಬಾಯಿ ಕೊಟ್ಟೆ. ಒಳಗೆ ಚಟಚಟ ಸದ್ದು. ಕಣ್ಣಲ್ಲಿ ಮೂಗಲ್ಲಿ ನೀರು. ಕೆಮ್ಮಿ ಕೆಮ್ಮಿ ಕರುಳು ಬಾಯಿಗೆ ಬಂತು.

ಗಡಿಗೆ ಎತ್ತಿ ನೋಡಿದೆವು. ನೀರಿನ ಮೇಲೆ ಬೆಳ್ಳಗೆ, ಸಣ್ಣಗೆ, ಸುರುಳಿ ಸುತ್ತಿಕೊಂಡ ಹುಳುಗಳು ತೇಲುತ್ತಿದ್ದವು.

ಹೊಗೆ ಕಂಡು ಓಡಿ ಬಂದಿದ್ದ ಕಮಲಾಕ್ಷಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತರು. ಜಗದಾಂಬಾಗೆ ಮದುವೆಯಾದ ಮೇಲೆ ಮೊದಲ ಸಲ ಮಾತು ಹೊರಡಲಿಲ್ಲ. ನಿಜ ಹೇಳಬೇಕೆಂದರೆ ನಾನೂ ದಂಗಾಗಿದ್ದೆ. ನಾನು ಉಂಡದ್ದರಲ್ಲಿ ಪಾಲು ತೆಗೆದುಕೊಂಡು ಇಷ್ಟು ದೊಡ್ಡ ಸಂಸಾರ ನನ್ನ ಬಾಯಲ್ಲೇ ಬಿಡಾರ ಹೂಡಿತ್ತೇ?

“ನೋವು ಹೋಯ್ತಾ?” ಎಂದಳು ಕೊನೆಗೆ.

“ಹುಳು ಹೋದ ಮೇಲೆ ಇನ್ನೇನು? ಇದು ಗಾಯದ ನೋವು,” ಎಂದೆ. (ಗಾಯದ ನೋವು ಹುಳುವಿನ ನೋವಿಗಿಂತ ಜಾಸ್ತಿ ಇತ್ತು. ಅದನ್ನು ಹೇಳಲಿಲ್ಲ.)

ಭಾನುವಾರ ಹುಡುಗನ ತಂದೆ ಸೋಮಲಿಂಗಪ್ಪನವರು ಮಗನ ಸ್ಕೂಟರಿನಲ್ಲಿ ಬಂದಿಳಿದರು. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಮಾತು ಅಳೆದು ಆಡುವವರು. ನನ್ನ ಕೆನ್ನೆ ನೋಡಿ ಹುಬ್ಬೇರಿಸಿದರು. ನಾನು ದಪ್ಪ ನಾಲಿಗೆಯಲ್ಲೇ ನಡೆದದ್ದನ್ನೆಲ್ಲ ವಿವರಿಸಿ, ಗಾಜಿನ ಲೋಟದಲ್ಲಿ ಎತ್ತಿಟ್ಟಿದ್ದ ಹುಳುಗಳನ್ನು ಬಾಳೆಹಣ್ಣಿನ ತಟ್ಟೆಯ ಪಕ್ಕದಲ್ಲಿ ತಂದಿಟ್ಟೆ. ಹುಡುಗ ಬೆಚ್ಚಿಬಿದ್ದು ಉಪ್ಪಿಟ್ಟು ಕೆಳಗಿಟ್ಟ.

“ಅಪ್ಪಾಜಿ, ಈಗ ಇದು ಬೇಕಿತ್ತಾ?” ಎಂದು ಬಾಗಿಲ ಹಿಂದಿನಿಂದ ಮಗಳ ಧ್ವನಿ ಬಂತು.

ಸೋಮಲಿಂಗಪ್ಪನವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. “ನನಗೂ ತೆಗೀತೀರಾ?”

“ಅದಕ್ಕೇನು ಸಾರ್. ಹಲ್ಲು ಮೇಲೆ ಇಷ್ಟು ಬೆಳ್ಳಗಿದ್ರೂ ಒಳಗೆ ಇದ್ದೇ ಇರುತ್ತೆ,” ಎಂದೆ. ಗಂಡಿನ ತಂದೆಯೇ ನನ್ನ ಕೈಗೆ ಬಾಯಿ ಕೊಟ್ಟ ಮೇಲೆ ಸಂಬಂಧ ಕುದುರಿದಂತೆಯೇ ಎಂದು ಉಬ್ಬಿ, ಹಿತ್ತಿಲಲ್ಲಿ ಮತ್ತೆ ಬಿಲ್ಲೆ ಕಾಸಿದೆ. ಅವರು ಕೊಳವೆಗೆ ಬಾಯಿ ಹಚ್ಚಿ ಕೂತರು. ಗಡಿಗೆ ಎತ್ತಿದರೆ ಬೋಗುಣಿಯ ತುಂಬ ಹುಳು.

“ನೋಡಿದ್ರಾ? ನನಗಿಂತ ನಿಮಗೇ ಜಾಸ್ತಿ,” ಎಂದೆ.

ಅವರು ಕೆಮ್ಮಿ, ಕಣ್ಣೊರೆಸಿಕೊಂಡು, ಬಾಯೊಳಗೆ ಬೆರಳು ಹಾಕಿ, ಮೇಲಿನ ಸಾಲು ಪೂರ್ತಿ ಕಳಚಿ ನನ್ನ ಅಂಗೈಯಲ್ಲಿ ಇಟ್ಟರು. ಆಮೇಲೆ ಕೆಳಗಿನ ಸಾಲು. ಬೀಗರಾಗಬೇಕಾದವರ ಹಲ್ಲುಗಳು ಬಿಸಿಬಿಸಿಯಾಗಿ ನನ್ನನ್ನು ನೋಡಿ ನಗುತ್ತಿದ್ದವು, ಅವರ ಮುಖ ಮಾತ್ರ ಗಾಳಿ ಬಿಟ್ಟ ಚೆಂಡಿನ ಹಾಗೆ ಒಳಕ್ಕೆ ಹೋಗಿತ್ತು. ಬಾಗಿಲ ಹಿಂದೆ ಮಗಳು ಕಿಸಕ್ಕೆಂದಳು. ಅದನ್ನು ಕೇಳಿ ಹುಡುಗನೂ ನಕ್ಕ. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ಹಲ್ಲು ಹಾಕಿಕೊಂಡ ಮೇಲೆ ಅವರು ಮಾತಾಡಿದರು. “ಬೀಜ ಕಾದು ಸಿಡಿದಾಗ ಒಳಗಿನ ಎಳೇ ಮೊಳಕೆ ಹಾರಿ ನೀರಿಗೆ ಬೀಳುತ್ತೆ ಶಿವಬಸಪ್ಪನೋರೇ. ಅದೇ ನಿಮ್ಮ ಹುಳು. ಯಾರೂ ಬಾಯಿ ಇಡದಿದ್ರೂ ಬೀಳುತ್ತೆ.”

“ನಿಮಗೆ ಹೇಗೆ ಗೊತ್ತು?”

“ನನ್ನ ಬಾಯಲ್ಲಿ ಒಂದು ಹಲ್ಲೂ ಯಾಕಿಲ್ಲ ಅಂದ್ಕೊಂಡ್ರಿ? ನೋವು ಬಂದಾಗೆಲ್ಲ ನಾನೂ ಇದೇ ಹೊಗೆ ಕುಡೀತಿದ್ದೆ. ಪ್ರತಿ ಸಲವೂ ಹುಳು ಬಿದ್ವು. ಹಿಂದೇನೇ ಹಲ್ಲೂ ಬಿದ್ವು.”

ಅವರೇ ಮುಂದುವರಿಸಿದರು: “ಹುಡುಗಿ ನಮಗೆ ಒಪ್ಪಿಗೆ. ಆದರೆ ನನ್ನ ಮೊಮ್ಮಕ್ಕಳಿಗೆ ಇಬ್ಬರು ಬೊಚ್ಚುಬಾಯಿ ತಾತಂದಿರು ಬೇಡ. ನಾಳೆ ನಾನೇ ನಿಮ್ಮನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಅಲ್ಲಿಂದ ಬಂದ ಮೇಲೇ ವೀಳ್ಯ.”

“ಖಂಡಿತ ಬರ್ತಾರೆ,” ಎಂದಳು ಜಗದಾಂಬಾ, ನನ್ನ ಮುಖವನ್ನೂ ನೋಡದೆ.

ಸೋಮವಾರ ಡಾಕ್ಟರು ನನ್ನ ಬಾಯೊಳಗೆ ದೀಪ ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿದರು. “ಒಂದು ವಾರ ಮುಂಚೆ ಬಂದಿದ್ರೆ ತೂತು ತುಂಬಿ ಕಳಿಸ್ತಿದ್ದೆ. ಇದಕ್ಕೆ ಏನ್ ಹಾಕಿದ್ರಿ?” ನಾನು “ಏನೂ ಇಲ್ಲ” ಎನ್ನುವಷ್ಟರಲ್ಲಿ ಜಗದಾಂಬಾ ಲವಂಗದಿಂದ ಹಿಡಿದು ಎಕ್ಕದ ಹಾಲಿನವರೆಗೆ ಸಹಸ್ರನಾಮ ಹೇಳಿ ಮುಗಿಸಿದ್ದಳು. ಕಿತ್ತರು. ಸುಟ್ಟ ವಸಡಿಗೆ ಮದ್ದು ಸವರಿ, ಬಾಯಿಗೆ ಹತ್ತಿ ಗಿಡಿದು, ಸಂಜೆವರೆಗೆ ತುಟಿ ಬಿಚ್ಚಕೂಡದು ಎಂದು ಅಪ್ಪಣೆ ಮಾಡಿದರು.

ಮನೆಗೆ ಬಂದು ವೀಳ್ಯಕ್ಕೆ ಕೂತೆವು. ಯಾವ ತಿಂಗಳು, ಯಾವ ಛತ್ರ, ಯಾರ ಕಡೆಯ ಅಡಿಗೆಯವರು, ಎಲ್ಲವನ್ನೂ ಜಗದಾಂಬಾ ಮತ್ತು ಬೀಗರು ಮಾತಾಡಿ ತೀರ್ಮಾನಿಸಿದರು. ಪ್ರತಿ ಮಾತಿಗೂ ಇಬ್ಬರೂ ನನ್ನತ್ತ ತಿರುಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಹತ್ತಿಯನ್ನು ಸಂಜೆಗೇ ತೆಗೆದೆ. ತಲೆಯಾಡಿಸುವ ಆ ಪದ್ಧತಿ ಮಾತ್ರ ನಮ್ಮ ಮನೆಯಲ್ಲಿ ಇವತ್ತಿಗೂ ನಡೆಯುತ್ತಿದೆ.