ಹತ್ತನೆಯ ಉಲ್ಲೇಖ

ಪಾಚಿ ಮೇಷ್ಟ್ರ ಬಡ್ತಿಗೆ ಒಂದೇ ಒಂದು ಉಲ್ಲೇಖ ಕಡಿಮೆ ಬಿದ್ದಿತ್ತು. ಕಾಲೇಜಿನ ನಿಯಮದ ಪ್ರಕಾರ ಅವರ ಸಂಶೋಧನೆಯನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಹತ್ತು ಸಲವಾದರೂ ಹೆಸರಿಸಿರಬೇಕು. ಅರ್ಜಿ ಕೊಡಲು ಇವತ್ತು ಸಂಜೆ ಐದೇ ಕೊನೆ. ಹನ್ನೊಂದು ವರ್ಷದಲ್ಲಿ ಅವರು ಕೂರುವ ಕುರ್ಚಿ ಎರಡು ಸಲ ಬದಲಾಗಿತ್ತು, ಹುದ್ದೆ ಬದಲಾಗಿರಲಿಲ್ಲ.

"ಹದಿನಾಲ್ಕು ಇದ್ಯಲ್ಲ ಮೇಡಂ," ಎಂದರು ಗ್ರಂಥಪಾಲಕಿಗೆ.

"ಅದ್ರಲ್ಲಿ ಐದು ನಿಮ್ಮನ್ನ ನೀವೇ ಹೊಗಳಿಕೊಂಡಿದ್ದು. ಅವು ಲೆಕ್ಕಕ್ಕಿಲ್ಲ."

"ಬೇರೆ ಯಾರೂ ಹೊಗಳದಿದ್ರೆ ನಾನೇನ್ ಮಾಡ್ಲಿ?"

ಮೇಷ್ಟ್ರ ಖ್ಯಾತಿಯೆಲ್ಲ ಒಂದೇ ಲೇಖನದ್ದು. ಹಾಸ್ಟೆಲಿನ ಹಿಂದಿನ ಗೋಡೆಯನ್ನು ಎರಡು ವರ್ಷ ಟೇಪು ಹಿಡಿದು ಅಳೆದು, ಪಾಚಿ ಆರಡಿಗಿಂತ ಕೆಳಗೆ ಬೆಳೆಯುವುದಿಲ್ಲ, ಅದಕ್ಕೆ ಬೆಳಕೇ ಕಾರಣ ಎಂದು ಸಾರಿದ್ದರು.

ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿಯವರ ಕಾಲಿಗೆ ಬೀಳುವುದೊಂದು ಬಾಕಿ.

"ನನ್ನ ಲೇಖನ ತುಕ್ಕಿನ ಬಗ್ಗೆ ಕಣ್ರೀ. ನಿಮ್ಮನ್ನ ಎಲ್ಲಿ ತುರುಕಲಿ?"

"ತುಕ್ಕು, ಪಾಚಿ ಎರಡೂ ತೇವದ ಮಕ್ಕಳೇ ಅಲ್ವಾ?"

"ಆ ಒಂದು ವಾಕ್ಯಕ್ಕೇ ನನ್ನ ಲೇಖನ ವಾಪಸ್ ಬರುತ್ತೆ."

ಗಣಿತದವರು ಕನ್ನಡಕ ಒರೆಸಿಕೊಂಡರು. "ಉಪಯೋಗವಿಲ್ಲದ ಅಳತೆಗೆ ನಂಗೊಂದು ಉದಾಹರಣೆ ಬೇಕಿತ್ತು. ನಿಮ್ಮದೇ ಹಾಕ್ಲಾ? ಆದ್ರೆ ಅಚ್ಚಾಗೋದು ಮುಂದಿನ ವರ್ಷ."

ಮೇಷ್ಟ್ರಿಗೆ ಬೇಜಾರಾಗಿದ್ದು ಮುಂದಿನ ವರ್ಷ ಎಂಬುದಕ್ಕೆ ಮಾತ್ರ.

"ನಿಮ್ಮ ಹಳೇ ಶಿಷ್ಯೆಯದೂ ಪಾಚೀನೇ ಅಲ್ವಾ? ಅವಳಿಗೆ ಫೋನ್ ಮಾಡಿ," ಎಂದರು ಕೆಮಿಸ್ಟ್ರಿಯವರು, ಪೀಡೆ ತೊಲಗಲಿ ಎಂಬಂತೆ.

ಶಿಷ್ಯೆ ತಡವರಿಸಿದಳು. "ಸರ್, ನಿಮ್ಮ ಲೇಖನ ಇಲ್ದಿದ್ರೆ ನನ್ನ ಲೇಖನಾನೇ ಇಲ್ಲ. ಮೊನ್ನೆ ಅಚ್ಚಾಯ್ತು. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಹೇಳೋಕೇನಮ್ಮ ಸಂಕೋಚ?" ಮೇಷ್ಟ್ರು ಆಗಲೇ ಗ್ರಂಥಾಲಯದ ಕಡೆ ಹೆಜ್ಜೆ ಹಾಕಿದ್ದರು.

ನಾಲ್ಕೂವರೆಗೆ ಗ್ರಂಥಪಾಲಕಿ ಆ ಲೇಖನ ಹುಡುಕಿ ತೆಗೆದರು. "ಹತ್ತಾಯ್ತು ಮೇಷ್ಟ್ರೇ." ಆಮೇಲೆ ಪರದೆಗೆ ಇನ್ನಷ್ಟು ಬಾಗಿದರು. "ಓದ್ಲಾ? 'ಕಾರಣ ಬೆಳಕಲ್ಲ. ಹಾಸ್ಟೆಲಿನ ಕೆಲಸದಾಕೆ ವಾರಕ್ಕೊಮ್ಮೆ ಗೋಡೆ ಉಜ್ಜುತ್ತಾರೆ. ಅವರ ಕೈ ಆರಡಿಯವರೆಗೆ ಎಟುಕುತ್ತದೆ. ಹಿಂದಿನ ಲೇಖಕರು ಅಳೆದದ್ದು ಪಾಚಿಯನ್ನಲ್ಲ, ಆಕೆಯ ಕೈಯನ್ನು.'"

ಎರಡು ವರ್ಷ ಮೇಷ್ಟ್ರು ಆಕೆಗೆ ಹೇಳುತ್ತಿದ್ದುದು ಒಂದೇ ಮಾತು: "ಸ್ವಲ್ಪ ಆಚೆ ಸರಿಯಮ್ಮ, ಅಳೀಬೇಕು."

ಮೇಷ್ಟ್ರು ಗಡಿಯಾರ ನೋಡಿದರು. "ಬೈದಿದ್ದೂ ಲೆಕ್ಕಕ್ಕೆ ಬರುತ್ತಾ ಮೇಡಂ?"

"ಅರ್ಜೀಲಿ ಎಷ್ಟು ಅಂತ ಕೇಳಿದಾರೆ. ಯಾಕೆ ಅಂತ ಕೇಳಿಲ್ಲ."

ಐದಕ್ಕೆ ಐದು ನಿಮಿಷವಿದ್ದಾಗ ಪ್ರಿನ್ಸಿಪಾಲರು ಹತ್ತು ಎಂಬ ಅಂಕಿ ನೋಡಿ ಸಹಿ ಹಾಕಿ ಕೈ ಕುಲುಕಿದರು.

"ಬಡ್ತಿ ಆಯ್ತು. ಇವತ್ತಿಂದ ಸಂಶೋಧನಾ ಗುಣಮಟ್ಟಕ್ಕೆ ನೀವೇ ಮುಖ್ಯಸ್ಥರು. ಮೊದಲ ಕೆಲಸ ತಗೊಳ್ಳಿ, ಮಧ್ಯಾಹ್ನ ಬಂದ ದೂರು. ನಮ್ಮವರೊಬ್ಬರ ಲೇಖನ ನಂಬಿ ಹೊರಗಿನೋರ್ಯಾರೋ ಮೂರು ವರ್ಷ ಹಾಳುಮಾಡ್ಕೊಂಡಿದಾರಂತೆ. ತಪ್ಪು ಸಾಬೀತಾದ್ರೆ ಆತನ ಬಡ್ತಿ ರದ್ದು. ಮುಲಾಜು ನೋಡ್ಬೇಡಿ."

"ಯಾರ ಲೇಖನ ಸರ್?"

"ನಾನು ಓದಿಲ್ಲ. ಏನೋ ಗೋಡೆ ವಿಷಯ."

ಮೇಷ್ಟ್ರು ದೂರಿನ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ವರದಿ ಯಾವಾಗ ಬೇಕು ಸರ್?"

"ಅವಸರ ಏನಿಲ್ಲ. ನಾಳೆ ಬೆಳಿಗ್ಗೆ ಕೊಟ್ರೆ ಸಾಕು."